ಕಸ್ತೂರಿ ಹೂಗಾರರ ಫೋನು

ರಾಣೆಬೆನ್ನೂರಿನಿಂದ ಫೋನು. ಬಂಗಡೆ ಕೊಯ್ಯುತ್ತಿದ್ದೆ,
ಮೊಣಕೈಯಲ್ಲೇ ಸ್ಪೀಕರ್ ಒತ್ತಿದೆ.
"ಡಿಸೆಂಬರಕ್ಕ ಬರ್ತೀವ್ರೀ, ನಾಕ್ ದಿನ. ರೂಮ್ ಸಣ್ಣದಿದ್ರೂ ನಡೀತದ,
ಸಮುದ್ರ ಮಾತ್ರ ಸ್ವಚ್ಛ ಇರಬೇಕ್ರೀ.
ಕಾಲಿಗೆ ಬಾಟ್ಲಿ ತಾಗಬಾರದು. ಮತ್ತ..."
ದನಿ ತಗ್ಗಿತು, ಪಕ್ಕದಲ್ಲಿ ಯಾರೋ ಕೂತಿರುವ ಹಾಗೆ,
"ಮತ್ತ, ಈಜಾಕ ಬರಬೇಕು."

ಐವತ್ತೊಂದಕ್ಕೆ ಕಲಿತರಂತೆ, ಹುಬ್ಬಳ್ಳಿಯ ತಂಗಿಯ ಮನೆಯಲ್ಲಿದ್ದ ಬೇಸಿಗೆ,
ನೀಲಿ ಟೈಲ್ಸಿನ ಕೊಳದಲ್ಲಿ, ಹೆಂಗಸರ ಹೊತ್ತಿನಲ್ಲಿ.
ಹನ್ನೆರಡು ಗಜ ಈಜಿ ಕಂಬಿ ಹಿಡಿಯುತ್ತಾರಂತೆ.
ಸಮುದ್ರಕ್ಕೆ ಕಂಬಿ ಇದೆಯೇ ಎಂದು ಕೇಳಲಿಲ್ಲ;
ಕೇಳಬೇಕೆಂದಿದ್ದರು, ನನಗೆ ಗೊತ್ತಾಯಿತು.

ಆಲೋಚನೆ ಮಾಡಿ ಹೇಳ್ತೆ ಅಂದೆ.
ಆಲೋಚನೆ ಮಾಡುವ ಮಾತೇ ಇದು, ಕಾರವಾರದವಳಿಗೆ?
ಆದರೂ ಮೀನಿನ ಹೊಟ್ಟೆ ಸೀಳುತ್ತ ಒಂದೊಂದೇ ತೀರ ತೆಗೆದು ನೋಡಿದೆ,
ಪೇಟೆಯಲ್ಲಿ ಕಿವಿರು ಎತ್ತಿ ನೋಡುವ ಹಾಗೆ.

ಊರೆದುರಿನದು ಬೇಡ. ಸಂಜೆ ಅರ್ಧ ಊರೇ ಅಲ್ಲಿ ಚುರುಮುರಿ ತಿನ್ನುತ್ತದೆ,
ಚೂಡಿದಾರದಲ್ಲಿ ತೊಯ್ದು ಎದ್ದು ಬರುವ ಹೆಂಗಸನ್ನು
ಕಾಗದದ ಪೊಟ್ಟಣದ ಮೇಲಿಂದ ನೋಡುತ್ತದೆ.
ಬೈತಕೋಲ: ಬೋಟಿನ ಡೀಸೆಲು, ನೀರಿನ ಮೇಲೆ ನವಿಲಿನ ಕತ್ತು.
ನಮ್ಮ ಕೋಡಿಬಾಗ ಮನೆಯಿಂದ ಕೂಗಿದರೆ ಕೇಳುವಷ್ಟು ಹತ್ತಿರ,
ಆದರೆ ಅಲ್ಲಿ ಕಾಳಿ ಕಡಲಿಗೆ ಬೀಳುತ್ತಾಳೆ,
ಮೇಲೆ ಕನ್ನಡಿ, ಕೆಳಗೆ ಕಾಲು ಹಿಡಿದೆಳೆಯುವ ಕೈ.
ತೀಳಮಾತಿ: ಎಳ್ಳು ಚೆಲ್ಲಿದಂಥ ಕರಿಮರಳು, ಫೋಟೋಕ್ಕೆ ಚಂದ.
ಈಜಿಗೆ ಬಂಡೆ ಅಡ್ಡ. ಅವರ ಮೊಣಕಾಲಿಗೆ ಗುಡ್ಡ ಅಡ್ಡ.
ಗೋಕರ್ಣದ ಕಡೆಗೆ ಕಳಿಸಲೇ? ನೀರು ಒಳ್ಳೆಯದೇ.
ಬಾಡಿಗೆ ಮಾತ್ರ ನನಗೆ ಬರುವುದಿಲ್ಲ. ಇದನ್ನೂ ಹೇಳಿಬಿಡಬೇಕು.

ಒಂದು ಇತ್ತು.
ಅರ್ಗಾದ್ದು. ಮೆಲ್ಲಗೆ, ಕೇಳಿ ಕೇಳಿ ಇಳಿಯುವ ನೆಲ,
ನೀರು ಎದೆಗೆ ಬರಲು ನಲವತ್ತು ಹೆಜ್ಜೆ. ನಾನೇ ಎಣಿಸಿದ್ದು.
ಮಂಗಲಿ ಚಿಕ್ಕಮ್ಮ ಗದ್ದದ ಕೆಳಗೆ ಅಂಗೈ ಇಟ್ಟು
"ನೀರು ನೋಡಬೇಡ, ನನ್ನ ಮೂಗುತಿ ನೋಡು" ಅನ್ನುತ್ತಿದ್ದಳು.
ಯಾವಾಗ ಕೈ ತೆಗೆದಳೋ, ಇವತ್ತಿಗೂ ಗೊತ್ತಿಲ್ಲ.

ಈಗ ಅದು ನೌಕಾನೆಲೆಯ ಗೋಡೆಯ ಆಚೆ.
ಲಾರಿಯಲ್ಲಿ ನಮ್ಮನ್ನು ತಂದು ಇಳಿಸಿದ ದಿನ
ಚಿಕ್ಕಮ್ಮ ಒರಳು ಮರೆತು ಬಂದಳು; ತರಲು ಹೋದರೆ ಪಾಸು ಕೇಳಿದರು.
ಅಂಕೋಲೆಯ ಬಸ್ಸಿನಲ್ಲಿ ಕೂತರೆ ಗೋಡೆ ಜೊತೆಜೊತೆಗೇ ಓಡುತ್ತದೆ,
ಕಡಲು ಕಾಣುವುದಿಲ್ಲ, ವಾಸನೆ ಬರುತ್ತದೆ.
ಅದರಷ್ಟು ಚೊಕ್ಕ ಮರಳು ಬೇರೆಲ್ಲೂ ಇರಲಿಕ್ಕಿಲ್ಲ,
ತುಳಿಯುವವರೇ ಇಲ್ಲವಲ್ಲ.

ರಾತ್ರಿ ನಾನೇ ಫೋನು ಮಾಡಿದೆ.
ಮಾಜಾಳಿಗೆ ಹೋಗುವ. ದಡ ಉದ್ದ, ಅಲೆ ಕುಳ್ಳ.
ಬೆಳಿಗ್ಗೆ ಏಳಕ್ಕೆ, ಗಾಳಿ ಏಳುವ ಮೊದಲು.
ಹುಣ್ಣಿಮೆ ಅಮಾವಾಸ್ಯೆ ಬಿಟ್ಟು ಬನ್ನಿ,
ಅಷ್ಟಮಿ ಕಳೆದ ಎರಡು ದಿನ ಕಡಲಿಗೆ ಸಿಟ್ಟು ಕಡಿಮೆ.
ರಂಪಣಿ ಎಳೆಯುತ್ತಿದ್ದರೆ ಮುಗಿಯುವ ತನಕ ಕಾಯಬೇಕು.
ಜೆಲ್ಲಿ ಮೀನು ಬಂದಿದ್ದರೆ ಆ ದಿನ ಇಲ್ಲ,
ಮರಳಿನ ಮೇಲೆ ಇಡ್ಲಿ ತಿಂದು ವಾಪಸು.
ಬಾಟಲಿ? ಒಂದೆರಡು ಇರುತ್ತವೆ, ಸುಳ್ಳು ಯಾಕೆ ಹೇಳಲಿ,
ಚೀಲ ತರ್ತೆ, ಹೆಕ್ಕುವ.
ದುಪಟ್ಟಾ ಬೇಡ, ನೀರಲ್ಲಿ ಅದು ಬಲೆಯಾಗುತ್ತದೆ.
ಎದೆಮಟ್ಟ ದಾಟುವುದಿಲ್ಲ. ದಡಕ್ಕೆ ಸಮನಾಗಿ ಈಜುವುದು, ಗೋವೆಯ ಕಡೆಗೆ ಮುಖ ಮಾಡಿ.

"ಕಾವಲಿಗೆ ಯಾರರ ಇರ್ತಾರೇನ್ರೀ?"
ನಾನಿರ್ತೆ ಅಂದೆ.
ಎರಡು ಉಸಿರಿನಷ್ಟು ಹೊತ್ತು ಆ ಕಡೆ ಬರೀ ಫ್ಯಾನಿನ ಸದ್ದು.
"ಕಂಬಿ ಇರೂದಿಲ್ಲ, ಹೌದಲ್ರೀ?"

ಇಲ್ಲ.

ಆಮೇಲೆ ಪೆಟ್ಟಿಗೆ ತಡಕಿ ಚಿಕ್ಕಮ್ಮನ ಮೂಗುತಿ ತೆಗೆದು
ಕನ್ನಡಿಯ ಮುಂದೆ ನಿಂತೆ.
ನನ್ನ ತೂತು ಮುಚ್ಚಿಹೋಗಿತ್ತು.
ಸ್ವಲ್ಪ ಒತ್ತಿ ನೋಡಿದೆ.